ತಾಮ್ರದ ಮಣಿಯೊಳಗಿನ ದಾರ

ಗಲಗಲಿಯಿಂದ ಕೃಷ್ಣೆಯ ದಂಡೆಗುಂಟ ಮೇಲಕ್ಕೆ ಹೋದರೆ ಜಮಖಂಡಿ ಸೀಮೆ, ರಬಕವಿ-ಬನಹಟ್ಟಿ, ಅದರಾಚೆ ತೇರದಾಳ. ಈ ತೇರದಾಳದ ನೆಲದಲ್ಲಿ ನವಶಿಲಾಯುಗದ ಜನ ನೆಲೆಸಿದ್ದರು. ಇಂಗಾಲ ಪರೀಕ್ಷೆ ಆ ವಸತಿಯನ್ನು ಸುಮಾರು 4,000 ವರ್ಷ ಹಿಂದಕ್ಕೆ ಒಯ್ಯುತ್ತದೆ. ಆ ಕಾಲದ ನೆಲೆಗಳಲ್ಲಿ ಉಜ್ಜಿ ನಯ ಮಾಡಿದ ಕಲ್ಲಿನ ಕೊಡಲಿ, ಕೈಯಿಂದ ತಟ್ಟಿದ ಗಡಿಗೆಯ ಚೂರು, ದನದ ಎಲುಬು ಸಿಗುತ್ತವೆ. ಆ ದನ ಕಟ್ಟಿದ ಹಗ್ಗ, ಕಾಳು ತುಂಬಿಟ್ಟ ಬುಟ್ಟಿ ಮಾತ್ರ ಸಿಗುವುದು ತೀರ ಅಪರೂಪ.

ಕಾರಣ ಮಣ್ಣಿನಲ್ಲೇ ಇದೆ. ಮಳೆಗಾಲದಲ್ಲಿ ನೆನೆದು ಬೇಸಿಗೆಯಲ್ಲಿ ಬಿರಿಯುವ ಎರೆನೆಲದಲ್ಲಿ ನಾರು, ಹುಲ್ಲು, ಬಿದಿರು ಸೂಕ್ಷ್ಮಜೀವಿಗಳಿಗೂ ಗೆದ್ದಲಿಗೂ ಆಹಾರವಾಗುತ್ತವೆ. ಒಣ ಗವಿಗಳ ಕತೆಯೇ ಬೇರೆ.

ಸ್ಪೇನಿನ ಗ್ರಾನಡಾ ಪ್ರಾಂತದಲ್ಲಿ ‘ಬಾವಲಿಗಳ ಗವಿ’ ಎಂಬುದೊಂದಿದೆ. 1857ರಲ್ಲಿ ಗಣಿ ಕೆಲಸದವರು ಅದರೊಳಗೆ ಹೊಕ್ಕಾಗ ಹುಲ್ಲಿನ ಬುಟ್ಟಿ, ಕಾಲ್ಮೆಟ್ಟುಗಳು ಕಂಡವು. 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿನ ಬುಟ್ಟಿಗಳಲ್ಲಿ ಹಳೆಯವು ಸುಮಾರು 9,500 ವರ್ಷದವು. ಬೇಸಾಯ ಆ ಸೀಮೆಗೆ ಬರುವ ಮೊದಲೇ, ಬೇಟೆಯಾಡಿ ಬದುಕುತ್ತಿದ್ದ ಜನ ಹೆಣೆದಂಥವು. ಜಾರ್ಜಿಯಾ ದೇಶದ ಜುಜುವಾನಾ ಗವಿಯ ಮಣ್ಣಿನಲ್ಲಿ 30,000 ವರ್ಷಕ್ಕೂ ಹಳೆಯ ಅಗಸೆ ನಾರಿನ ಎಳೆಗಳು ಸೂಕ್ಷ್ಮದರ್ಶಕದಡಿ ಕಂಡವು. ಕೆಲವಕ್ಕೆ ಬಣ್ಣವೂ ಇತ್ತು. ಫ್ರಾನ್ಸಿನ ಅಬ್ರಿ ದು ಮಾರಾಸ್ ಕಲ್ಲಾಸರೆಯಲ್ಲಿ ಒಂದು ಕಲ್ಲಿನ ಚಕ್ಕೆಗೆ ಅಂಟಿಕೊಂಡಿದ್ದ ಹುರಿಯ ತುಣುಕು ಇನ್ನೂ ಹಳೆಯದು. ಮರದ ಒಳತೊಗಟೆಯ ನಾರನ್ನು ಒಂದು ದಿಕ್ಕಿಗೆ ಹೊಸೆದು, ಅಂಥ ಮೂರು ಎಳೆಗಳನ್ನು ಎದುರು ದಿಕ್ಕಿಗೆ ಸೇರಿಸಿ ಹುರಿ ಮಾಡಿದವರು ನಿಯಾಂಡರ್ತಲ್ ಜನ. ಎಳೆಗಳು ಬಿಚ್ಚಿಕೊಳ್ಳಲು ನೋಡಿದಷ್ಟೂ ಒಂದನ್ನೊಂದು ಬಿಗಿಯುತ್ತವೆ. ಇಂದಿಗೂ ಹಗ್ಗ ನಿಲ್ಲುವುದು ಇದೇ ಉಪಾಯದ ಮೇಲೆ.

ನಮ್ಮ ಉಪಖಂಡದಲ್ಲಿ ನಾರನ್ನು ಕಾಯ್ದುಕೊಟ್ಟ ವಸ್ತುಗಳಲ್ಲಿ ಮುಖ್ಯವಾದವು ಎರಡು: ಮಣ್ಣು ಮತ್ತು ತಾಮ್ರ. ಕಾಶ್ಮೀರದ ಬುರ್ಜಹೋಮ್‌ನಲ್ಲಿ ಹಸಿ ಗಡಿಗೆಯನ್ನು ಚಾಪೆಯ ಮೇಲಿಟ್ಟಿದ್ದರಿಂದ ಹೆಣಿಗೆಯ ಅಚ್ಚು ಅದರ ತಳಕ್ಕೆ ಬಿದ್ದು, ಬೆಂಕಿಯಲ್ಲಿ ಗಟ್ಟಿಯಾಯಿತು. ಚಾಪೆ ಹೋಯಿತು, ಅಚ್ಚು ಉಳಿಯಿತು. ಬಲೂಚಿಸ್ತಾನದ ಮೆಹರಗಢದಲ್ಲಿ ತಾಮ್ರದ ಮಣಿಯ ತೂತಿನೊಳಗೆ 7,000 ವರ್ಷಕ್ಕೂ ಹಳೆಯ ಹತ್ತಿಯ ನೂಲು ಸಿಕ್ಕಿತು. ತಾಮ್ರದ ಕಿಲುಬು ಸೂಕ್ಷ್ಮಜೀವಿಗಳಿಗೆ ವಿಷ. ಅದು ನಾರಿನೊಳಗೆ ಇಳಿದು ಕೊಳೆಯುವುದನ್ನು ತಡೆಯುತ್ತದೆ.

ದಖ್ಖನಿನಲ್ಲೂ ಇದೇ ಆಗಿದೆ. ಭೀಮೆಯ ಉಪನದಿ ಘೋಡ್ ದಂಡೆಯ ಚಾಂಡೋಲಿಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನವರು 1960ರ ಸುಮಾರಿಗೆ ಅಗೆದಾಗ, ತಾಮ್ರದ ಮಣಿ ಪೋಣಿಸಿದ ಅಗಸೆ ನಾರಿನ ದಾರ ದೊರೆಯಿತು. ಬಾಗಲಕೋಟೆ ಕಡೆ ಅಗಸಿ ಎಂದರೆ ಚಟ್ನಿಪುಡಿ. ಅದೇ ಕುಲದ ಗಿಡದ ದಂಟಿನಿಂದ ಮೂರು ಸಾವಿರ ವರ್ಷಗಳ ಹಿಂದೆ ದಾರ ಹೊಸೆಯುತ್ತಿದ್ದರು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಸುಮಾರು ಅಷ್ಟೇ ಹಳೆಯ ಹತ್ತಿಯ ಕುರುಹು ಸಿಕ್ಕಿದೆ.

ಈ ಕೈಕೆಲಸ ಈ ಸೀಮೆಯಲ್ಲಿ ಇನ್ನೂ ನಡೆದಿದೆ. ಮೇದಾರರು ಬಿದಿರು ಸೀಳಿ ರೊಟ್ಟಿಬುಟ್ಟಿ, ಮೊರ ಹೆಣೆಯುತ್ತಾರೆ. ಪುಂಡಿಯ ಎಲೆ ಪಲ್ಯಕ್ಕಾದರೆ, ಅದರ ದಂಟನ್ನು ನೀರಿನಲ್ಲಿ ಕೊಳೆಹಾಕಿ ತೆಗೆದ ನಾರು ಹಗ್ಗಕ್ಕಾಗುತ್ತದೆ. ರಬಕವಿ-ಬನಹಟ್ಟಿಯಲ್ಲಿ ಹತ್ತಿಯ ಸೀರೆ ಮಗ್ಗದ ಮೇಲಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯನ ಕಾಯಕ ಬುಟ್ಟಿ ಹೆಣೆಯುವುದು. ನುಲಿಯ ಚಂದಯ್ಯನದು ಹುಲ್ಲು ಕೊಯ್ದು ಹಗ್ಗ ಹೊಸೆಯುವುದು.

ತೇರದಾಳದವರ ಹಗ್ಗ, ಬುಟ್ಟಿಗಳ ಸುಳಿವು ಮುಂದೆ ಸಿಕ್ಕರೆ ಅದು ಗಡಿಗೆ ಚೂರಿನ ತಳದಲ್ಲೋ ಹಸಿರು ಕಿಲುಬು ಹಿಡಿದ ಮಣಿಯ ತೂತಿನಲ್ಲೋ ಇರುವ ಸಾಧ್ಯತೆಯೇ ಹೆಚ್ಚು. ಹೊಲ ಉಳುವಾಗ ಅಂಥದ್ದು ಸಿಕ್ಕರೆ ತೊಳೆಯಬಾರದು, ಹುಣಸೆಹಣ್ಣು ಹಚ್ಚಿ ತಿಕ್ಕಲೂಬಾರದು. ಸಿಕ್ಕ ಜಾಗ ಗುರುತಿಟ್ಟು, ಮಣ್ಣು ಮೆತ್ತಿದ ಹಾಗೆಯೇ ಕಾಗದದಲ್ಲಿ ಸುತ್ತಿ ಪುರಾತತ್ವ ಇಲಾಖೆಗೆ ತಿಳಿಸಬೇಕು.