ಒಂದೇ ದಾಖಲೆ, ಒಮ್ಮೆ ಬೇಗ, ಒಮ್ಮೆ ತಡ: ಡೇಟಾಬೇಸ್ ಓದಿನ ವೇಗ ಏರುಪೇರಾಗುವುದೇಕೆ?

ಮಾನ್ಯ ಸದಸ್ಯರ ಗಮನಕ್ಕೆ,

ಒಂದು ಆಸ್ತಿಯ ತೆರಿಗೆ ವಿವರವು ಬೆಳಿಗ್ಗೆ ಎರಡು ಸೆಕೆಂಡಿನಲ್ಲಿ ದೊರೆಯುತ್ತದೆ. ಅದೇ ವಿವರ ಮಧ್ಯಾಹ್ನ ಎರಡು ನಿಮಿಷ ಕಾದರೂ ಪರದೆಗೆ ಬರುವುದಿಲ್ಲ. ಸರದಿಯಲ್ಲಿ ನಿಂತ ಕೂಲಿಕಾರರ ಒಂದು ದಿನದ ದುಡಿಮೆ ಹೋಗುತ್ತದೆ. ಬಳಿಕ ಸಾಮಾನ್ಯ ಸಭೆಯಲ್ಲಿ ಎರಡು ಸಲಹೆಗಳು ಬರುತ್ತವೆ: ಹೊಸ ಗಣಕಯಂತ್ರ ಖರೀದಿಸುವುದು, ಇಲ್ಲವೇ ಡೇಟಾ ಎಂಟ್ರಿ ಆಪರೇಟರ್ ಅವರಿಂದ ವಿವರಣೆ ಕೇಳುವುದು. ಪಂಚಾಯಿತಿಯ ಸ್ವಂತ ಸಂಪನ್ಮೂಲವೂ ಒಬ್ಬ ನೌಕರರ ಗೌರವವೂ ಇದರಲ್ಲಿ ಅಡಗಿರುವುದರಿಂದ, ನಿರ್ಣಯಕ್ಕೆ ಮುನ್ನ ಕಾರಣವನ್ನು ತಿಳಿಯುವುದು ಅವಶ್ಯ.

ಮೊದಲ ಕಾರಣ, ದಾಖಲೆ ಇರುವ ಸ್ಥಳ. ಸರ್ವರ್ ದಾಖಲೆಗಳನ್ನು ಪುಟಗಳಾಗಿ ಓದುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಒಂದು ಪುಟ ಸಾಮಾನ್ಯವಾಗಿ 8 ಕಿಲೋಬೈಟ್. ಇತ್ತೀಚೆಗೆ ಓದಿದ ಪುಟಗಳು ಮೇಜಿನ ಮೇಲಿನ ವಹಿಯಂತೆ ಮೆಮೊರಿಯಲ್ಲಿರುತ್ತವೆ. ಉಳಿದವು ದಾಖಲೆ ಕೊಠಡಿಯಂತಿರುವ ಡಿಸ್ಕ್‌ನಲ್ಲಿರುತ್ತವೆ. ಮೆಮೊರಿಯನ್ನು ತಲುಪಲು ಸೆಕೆಂಡಿನ ಕೋಟಿಯಲ್ಲೊಂದು ಭಾಗ ಸಾಕು. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಪುಟ ಹುಡುಕಲು ಸೆಕೆಂಡಿನ ನೂರರಲ್ಲೊಂದು ಭಾಗ ಬೇಕಾಗಬಹುದು. ಅಂತರ ಸುಮಾರು ಒಂದು ಲಕ್ಷ ಪಟ್ಟು. ಯಾರೋ ದೊಡ್ಡ ವರದಿಯೊಂದನ್ನು ತೆಗೆದಾಗ ಅದರ ಪುಟಗಳು ನಮ್ಮ ಪುಟಗಳನ್ನು ಮೆಮೊರಿಯಿಂದ ಹೊರತಳ್ಳಬಹುದು.

ಎರಡನೆಯದು, ಸೂಚಿ. ಆಸ್ತಿ ಸಂಖ್ಯೆಗೆ ಸೂಚಿ ಇದ್ದರೆ, 10 ಲಕ್ಷ ದಾಖಲೆಗಳಲ್ಲಿಯೂ ಪ್ರತಿ ಸಲ ಅರ್ಧವನ್ನು ಬಿಡುತ್ತ ಹೋದಲ್ಲಿ 20 ಹೋಲಿಕೆಗಳಲ್ಲಿ ಬೇಕಾದುದು ಸಿಗುತ್ತದೆ. ಹೆಸರಿನ ನಡುವಿನ ಕೆಲವು ಅಕ್ಷರಗಳನ್ನಷ್ಟೇ ನೀಡಿ ಹುಡುಕಿದರೆ ಸಾಮಾನ್ಯ ಸೂಚಿ ಉಪಯೋಗಕ್ಕೆ ಬಾರದೆ, ಎಲ್ಲ ದಾಖಲೆಗಳನ್ನೂ ನೋಡಬೇಕಾಗುತ್ತದೆ.

ಮೂರನೆಯದು, ಹಳೆಯ ಅಂದಾಜು. ಯಾವ ಮಾರ್ಗದಿಂದ ಹುಡುಕಬೇಕೆಂಬುದನ್ನು ಡೇಟಾಬೇಸ್ ತನ್ನಲ್ಲಿರುವ ಅಂಕಿಅಂಶಗಳ ಆಧಾರದಿಂದ ತೀರ್ಮಾನಿಸುತ್ತದೆ. ಒಮ್ಮೆಗೇ ಸಾವಿರಾರು ದಾಖಲೆಗಳು ಸೇರಿದ ಮೇಲೆ ಅಂಕಿಅಂಶ ನವೀಕರಣವಾಗದಿದ್ದರೆ ಅದು ತಪ್ಪು ಮಾರ್ಗ ಹಿಡಿಯಬಹುದು.

ನಾಲ್ಕನೆಯದು, ಒತ್ತಡ. ಮಾರ್ಚ್ ಅಂತ್ಯದ ವಸೂಲಿಯ ದಿನಗಳಲ್ಲಿ ಅನೇಕ ಪಂಚಾಯಿತಿಗಳು ಒಂದೇ ಡಿಸ್ಕ್‌ನ ಮುಂದೆ ಸರದಿ ನಿಂತಂತಾಗುತ್ತದೆ.

ದೋಷ ಎಲ್ಲಿದೆ ಎಂಬುದನ್ನು ಈ ಕೆಳಕಂಡಂತೆ ಪರಿಶೀಲಿಸಬಹುದು:

1. ನಿಧಾನವಾದಾಗ ಅದೇ ಗಣಕಯಂತ್ರದಲ್ಲಿ ಬೇರೊಂದು ಜಾಲತಾಣ ತೆರೆಯಿರಿ. ಅದೂ ತಡವಾದರೆ ಮೊದಲು ಇಂಟರ್‌ನೆಟ್ ಸಂಪರ್ಕವನ್ನು ನೋಡಬೇಕು.

2. ಬೇರೆ ಗಣಕಯಂತ್ರದಿಂದ, ಬೇರೆ ಸಂಪರ್ಕದ ಮೂಲಕ ಅದೇ ದಾಖಲೆ ಹುಡುಕಿರಿ. ಅಲ್ಲಿಯೂ ತಡವಾದರೆ ಹೊಸ ಗಣಕಯಂತ್ರದಿಂದ ಪ್ರಯೋಜನವಿಲ್ಲ.

3. ಒಂದೇ ಆಸ್ತಿ ಸಂಖ್ಯೆಯನ್ನು ಮೂರು ಬಾರಿ ಹುಡುಕಿರಿ. ಮೊದಲ ಬಾರಿ ಮಾತ್ರ ತಡವಾದರೆ ಮೆಮೊರಿಯ ಕೊರತೆಯನ್ನು ಶಂಕಿಸಬಹುದು. ಮೂರು ಬಾರಿಯೂ ತಡವಾದರೆ ಒತ್ತಡ, ಸೂಚಿ ಅಥವಾ ಹಳೆಯ ಅಂದಾಜು ಕಾರಣವಿರಬಹುದು.

4. ಸಂಖ್ಯೆಯಿಂದ ಬೇಗ, ಹೆಸರಿನಿಂದ ಯಾವಾಗಲೂ ತಡ ಎಂದಾದರೆ ಸೂಚಿಯ ಲೋಪವನ್ನು ವರದಿ ಮಾಡಿರಿ. ಅಲ್ಲಿಯವರೆಗೆ ಸಂಖ್ಯೆಯಿಂದಲೇ ಹುಡುಕುವುದು ಒಳಿತು.

5. ದಿನಾಂಕ, ವೇಳೆ, ಹುಡುಕಿದ ವಿಧಾನ ಮತ್ತು ತೆಗೆದುಕೊಂಡ ಸೆಕೆಂಡುಗಳನ್ನು ಒಂದು ವಹಿಯಲ್ಲಿ ಬರೆಯಿರಿ. ಸರಾಸರಿ ಮಾತ್ರ ಕೊಡಬೇಡಿ. ಒಂಬತ್ತು ಹುಡುಕಾಟಗಳಿಗೆ ತಲಾ 2 ಸೆಕೆಂಡ್, ಹತ್ತನೆಯದಕ್ಕೆ 120 ಸೆಕೆಂಡ್ ಆದರೆ ಸರಾಸರಿ 13.8 ಸೆಕೆಂಡ್. ಅಷ್ಟು ಹೊತ್ತು ಕಾದವರು ಒಬ್ಬರೂ ಇಲ್ಲ. ಎರಡು ನಿಮಿಷ ಕಾದವರ ತೊಂದರೆಯು ಆ ಅಂಕಿಯಲ್ಲಿ ಮರೆಯಾಗುತ್ತದೆ.

ಸೂಚಿ ರಚನೆ, ಅಂಕಿಅಂಶ ನವೀಕರಣ, ಮೆಮೊರಿ ಹೆಚ್ಚಳ, ದೊಡ್ಡ ವರದಿಗಳನ್ನು ರಾತ್ರಿ ವೇಳೆಗೆ ನಿಗದಿಪಡಿಸುವುದು – ಇವು ಸರ್ವರ್ ನಿರ್ವಹಿಸುವವರ ಕೆಲಸ. ಆದರೆ "ಸರ್ವರ್ ಸರಿಯಿಲ್ಲ" ಎಂಬ ಒಂದು ಸಾಲಿನ ದೂರಿನಿಂದ ಅವರಿಗೆ ದಾರಿ ಕಾಣದು. ಎರಡು ವಾರದ ವಹಿಯ ಪ್ರತಿಯನ್ನು ಲಗತ್ತಿಸಿ ತಾಲ್ಲೂಕು ಪಂಚಾಯಿತಿ ಮೂಲಕ ಪತ್ರ ಬರೆದರೆ, ಯಾವ ವೇಳೆಯಲ್ಲಿ, ಯಾವ ಹುಡುಕಾಟದಲ್ಲಿ ತೊಂದರೆ ಎಂಬುದು ಅವರಿಗೆ ತಿಳಿಯುತ್ತದೆ.

ಅದುವರೆಗೆ ಅರ್ಜಿದಾರರನ್ನು ಸುಮ್ಮನೆ ಕಾಯಿಸದೆ, ಅರ್ಜಿ ಪಡೆದು ಸ್ವೀಕೃತಿ ನೀಡಿ, ಪುನಃ ಯಾವಾಗ ಬರಬೇಕೆಂದು ತಿಳಿಸುವ ವ್ಯವಸ್ಥೆಗೆ ಸದಸ್ಯರು ಸಹಕರಿಸಬೇಕೆಂದು ಕೋರಿದೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ