ತೋಟದ ಕೆಲಸವೂ ರೋಗಿಯ ಚಿಕಿತ್ಸೆಯೂ

ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಕೆಲವರು ದಾದಿಯರಾಗುವುದೂ ಕೆಲವರು ಉಪಾಧ್ಯಾಯಿನಿಯರಾಗುವುದೂ ಬಹುಕಾಲದ ವಾಡಿಕೆ. ಈಚೆಗೆ ಆಕ್ಯುಪೇಷನಲ್ ಥೆರಪಿ ಎಂಬ ವ್ಯಾಸಂಗದ ವಿಷಯವಾಗಿ ಪೋಷಕರು ನಮ್ಮನ್ನು ವಿಚಾರಿಸುತ್ತಿದ್ದಾರೆ. ಇದು ನೌಕರಿ ಕೊಡಿಸುವ ವಿದ್ಯೆಯೆಂದು ಭಾವಿಸಿದವರೂ ಉಂಟು. ಅದು ಹಾಗಲ್ಲ. ಕಾಯಿಲೆಯಿಂದಲೋ ಅಪಘಾತದಿಂದಲೋ ಕೈಕಾಲಿನ ಅಥವಾ ಮನಸ್ಸಿನ ಸ್ವಾಧೀನ ಕುಂದಿದವರು ನಿತ್ಯದ ಕೆಲಸಗಳನ್ನು ಮಾಡುತ್ತಲೇ ಪುನಃ ಸ್ವಾವಲಂಬಿಗಳಾಗುವಂತೆ ನೆರವಾಗುವ ಚಿಕಿತ್ಸೆಯಿದು. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ ಅವರು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಿಕ್ಷಣವನ್ನು ಆರಂಭಿಸಿದರು. ನಮ್ಮ ರಾಜ್ಯದಲ್ಲಿ ಮಣಿಪಾಲದಲ್ಲಿ ಇದನ್ನು ಕಲಿಸುತ್ತಾರೆ.

ಈ ಚಿಕಿತ್ಸೆಗೆ ಒದಗುವ ಕೆಲಸಗಳಲ್ಲಿ ತೋಟಗಾರಿಕೆಯೂ ಒಂದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪುನರ್ವಸತಿ ವಿಭಾಗದಲ್ಲಿ ನೇಯ್ಗೆ, ಬೇಕರಿ, ಮರಗೆಲಸಗಳ ಜೊತೆಗೆ ಇದಕ್ಕೂ ಸ್ಥಾನವುಂಟು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು ಒಂದು ಮೆಂತ್ಯದ ಕಾಳನ್ನು ಹೆಬ್ಬೆರಳು ತೋರುಬೆರಳುಗಳಿಂದ ಹಿಡಿದು ಕುಣಿಗೆ ಹಾಕುವುದು ನಮಗೆ ಅಲ್ಪವಾಗಿ ತೋರಬಹುದು. ಅವರಿಗೆ ಅದೇ ಅಂಗಿಯ ಗುಂಡಿ ಹಾಕಿಕೊಳ್ಳಲು ಅಭ್ಯಾಸ. ನೀರಿನ ಚೊಂಬನ್ನು ಮೊದಲು ಕಾಲುಭಾಗ, ಬರಬರುತ್ತ ಪೂರ್ತಿ ತುಂಬಿಸಿ ಎತ್ತಿಸುತ್ತಾರೆ. ಬಗ್ಗಲಾರದವರಿಗೆ ಮೇಜಿನಷ್ಟು ಎತ್ತರದ ಪಾತಿ ಬೇಕು. ಮನಸ್ಸು ಕದಡಿದವರಿಗೆ ಅಗೆದು, ಬಿತ್ತಿ, ನೀರೆರೆಯುವ ಕ್ರಮವೇ ದಿನಕ್ಕೊಂದು ಕಟ್ಟುಪಾಡಾಗುತ್ತದೆ. ಸ್ಪರ್ಶಜ್ಞಾನವಿಲ್ಲದ ಕೈಗಳಿಗೆ ಕೈಚೀಲ ತೊಡಿಸದೆ ಮಣ್ಣು ಮುಟ್ಟಿಸಲಾಗದು. ನಮ್ಮ ಅಂಗಳಗಳಲ್ಲಿ ಸಾಮಾನ್ಯವಾದ ಕಣಗಿಲೆಯನ್ನು ಇಂತಹ ತೋಟದಲ್ಲಿ ನೆಡಲೇಕೂಡದು. ಅದರ ಎಲೆ, ಹೂವು, ಬೇರು ಎಲ್ಲವೂ ವಿಷ.

ಹಾಗಾದರೆ ಈ ವಿದ್ಯಾರ್ಥಿಗಳಿಗೆ ತೋಟಗಾರಿಕೆಯ ಕಾರ್ಯಾಗಾರಗಳಲ್ಲಿ ಬಾಳಿಕೆಯ ತೋಟದ ಪಾಠ ಏತಕ್ಕೆ? ಆಸ್ಪತ್ರೆಯಲ್ಲಿ ಕೊಳಾಯಿಯ ನೀರಿದೆ, ಕೊಂಡು ತಂದ ಗೊಬ್ಬರವಿದೆ. ಆದರೆ ರೋಗಿಯು ಊರಿಗೆ ಹಿಂದಿರುಗತಕ್ಕವನಲ್ಲವೇ? ಜಗಳೂರಿನ ಮನೆಯಲ್ಲಿ ಬೇಸಗೆ ಬಂತೆಂದರೆ ಕುಡಿಯುವ ನೀರಿಗೇ ಚಿಂತೆ. ಅಲ್ಲಿ ದಿನವೂ ಕೊಡಗಟ್ಟಲೆ ನೀರು ಬೇಡುವ ಹೂವಿನ ಪಾತಿಯನ್ನು ಕಲಿತು ಹೋದವನ ಅಭ್ಯಾಸವು ಗಿಡದೊಡನೆ ಒಣಗುವುದು. ತಿಂಗಳುಗಳ ಶ್ರಮದಿಂದ ಮರಳಿದ ಕೈಯ ಬಲವೂ ಕೆಲಸವಿಲ್ಲದೆ ಕುಗ್ಗಬಹುದು. ಅವನಿಗೆ ಕಲಿಸಬೇಕಾದುದು ನುಗ್ಗೆ, ತರಕಾರಿ ತೊಳೆದ ನೀರು, ಬುಡಕ್ಕೆ ಒಣಎಲೆಯ ಹೊದಿಕೆ. ಸೂಳೆಕೆರೆಯ ಸೀಮೆಯಾದ ಚನ್ನಗಿರಿಯಲ್ಲಿ ಬೇರೆ ಪಾಠ: ಅಡಕೆಯ ನೆರಳಲ್ಲಿ ಕೆಸುವನ್ನು ಬೆಳೆಯಬಹುದು, ಅಡಕೆಸಿಪ್ಪೆಯೇ ಹೊದಿಕೆಯಾಗುವುದು. ಹೊನ್ನಾಳಿಗೆ ತುಂಗಭದ್ರೆಯಿದ್ದಾಳೆ. ಅದರಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ ಮೆಕ್ಕೆಜೋಳದ ದಂಟು ಹೇರಳ. ಸಗಣಿಯೊಡನೆ ಕೊಳೆಸಿದರೆ ಒಳ್ಳೆಯ ಗೊಬ್ಬರ. ಬೀಜವನ್ನು ತಾನೇ ಒಣಗಿಸಿ ಬೂದಿಯಲ್ಲಿ ಬೆರಸಿಡುವ ವಿದ್ಯೆ ನಮ್ಮ ಅಜ್ಜಿಯರದು. ಅದನ್ನು ಕಲಿಸಲು ದೊಡ್ಡ ಪಟ್ಟಣದ ತಜ್ಞರೇ ಬರಬೇಕೆಂದು ನಮಗೆ ತೋರುವುದಿಲ್ಲ.

ಮಗಳನ್ನು ಈ ವ್ಯಾಸಂಗಕ್ಕೆ ಕಳುಹಿಸಬೇಕೆಂದಿರುವ ಪೋಷಕರು, ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಹಾಗೂ ರಸಾಯನಶಾಸ್ತ್ರಗಳೊಡನೆ ಜೀವಶಾಸ್ತ್ರವನ್ನೂ ತೆಗೆದುಕೊಳ್ಳಲು ಹತ್ತನೆಯ ತರಗತಿ ಮುಗಿಯುತ್ತಲೇ ಏರ್ಪಾಡು ಮಾಡಬೇಕು. ರಜೆಯಲ್ಲಿ ಆಕೆಯ ಕೈಗೆ ಮನೆಯ ಹಿತ್ತಿಲನ್ನೂ ಒಪ್ಪಿಸಿರಿ.