ಕೀ ಕೊಟ್ಟರಷ್ಟೇ ಓಡುವ ಆಸ್ತಿ

ಹಳೆಯ ಮನೆಗಳ ಬೀರುವಿನಲ್ಲಿ ಒಂದು ಚಿಕ್ಕ ಡಬ್ಬಿ ಇದ್ದೇ ಇರುತ್ತದೆ. ಯಾವ ಬೀಗದ್ದೆಂದು ಯಾರಿಗೂ ನೆನಪಿಲ್ಲದ ಬೀಗದ ಕೈ, ಚಲಾವಣೆಯಲ್ಲಿಲ್ಲದ ನಾಣ್ಯ, ಕಡ್ಡಿ ಮುರಿದ ಕನ್ನಡಕ, ಇವುಗಳ ಜೊತೆಗೆ ನಿಂತುಹೋದ ಒಂದು ಕೈಗಡಿಯಾರ. ತಾತನದೋ ದೊಡ್ಡಪ್ಪನದೋ ಆಗಿರುತ್ತದೆ. ‘ಕೆಟ್ಟುಹೋಗಿದೆ, ಇರಲಿ ಬಿಡು’ ಎಂದು ಮತ್ತೆ ಮುಚ್ಚಿಡುತ್ತೇವೆ. ಮಕ್ಕಳೇ, ಅದು ಕೆಟ್ಟಿರಲಿಕ್ಕಿಲ್ಲ. ಬಹಳ ವರ್ಷಗಳಿಂದ ಯಾರೂ ಅದಕ್ಕೆ ಕೀ ಕೊಟ್ಟಿಲ್ಲ, ಅಷ್ಟೇ ಇರಬಹುದು.

ನಾನು ತುಮಕೂರಿನಲ್ಲಿರುವ ನಿವೃತ್ತ ಶಿಕ್ಷಕಿ. ಕೈಗಡಿಯಾರಗಳನ್ನು ಕೂಡಿಸುವುದು ನನ್ನ ಹುಚ್ಚು. ಈಗ ನನ್ನ ಬಳಿ 19 ಇವೆ. ಒಂದೂ ವಿದೇಶದ್ದಲ್ಲ. ಎಲ್ಲವೂ ನಮ್ಮ ಎಚ್‌ಎಂಟಿ. ಜನತಾ, ಪೈಲಟ್, ಕೊಹಿನೂರ್, ಕಾಂಚನ್, ತೆಳ್ಳನೆಯ ಸೋನಾ, ಹೆಂಗಸರ ಪುಟ್ಟ ಸುಜಾತಾ... ಹೆಸರು ಕೇಳಿದರೆ ಅಕ್ಕಪಕ್ಕದ ಮನೆಯವರನ್ನು ಕರೆದಂತಿದೆ, ಅಲ್ಲವೇ?

ಎಚ್‌ಎಂಟಿ ಎಂದರೆ ಹಿಂದೂಸ್ತಾನ್ ಮಷೀನ್ ಟೂಲ್ಸ್. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಕಾರ್ಖಾನೆ. ಮೊದಲು ಅಲ್ಲಿ ತಯಾರಾಗುತ್ತಿದ್ದುದು ಬೇರೆ ಯಂತ್ರಗಳನ್ನು ಮಾಡುವ ದೊಡ್ಡ ದೊಡ್ಡ ಯಂತ್ರಗಳು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರದ ಕಾರ್ಖಾನೆಯೂ ಆರಂಭವಾಯಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. 1978ರಲ್ಲಿ ನಮ್ಮ ತುಮಕೂರಿಗೂ ಒಂದು ವಾಚ್ ಕಾರ್ಖಾನೆ ಬಂತು. ಕಣ್ಣು ಕಾಣದವರಿಗಾಗಿ ಮುಚ್ಚಳ ತೆರೆದು ಮುಳ್ಳುಗಳನ್ನು ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯುವ ಬ್ರೈಲ್ ವಾಚನ್ನೂ ಎಚ್‌ಎಂಟಿ ಮಾಡಿತು. ನೀವು ಲಾಲ್‌ಬಾಗಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಹೂವಿನ ಗಡಿಯಾರವೂ ಅವರ ಕೊಡುಗೆಯೇ.

ಆಗೆಲ್ಲ ಹುಡುಗ ಹತ್ತನೇ ತರಗತಿ ಪಾಸಾದರೆ, ಮೊದಲ ಸಂಬಳ ಬಂದರೆ, ಮನೆಗೆ ಅಳಿಯ ಬಂದರೆ ಒಂದು ಎಚ್‌ಎಂಟಿ. ಒಬ್ಬ ಮನುಷ್ಯನಿಗೆ ಜೀವಮಾನಕ್ಕೆ ಒಂದೇ ವಾಚು.

ಇಂಥ ವಾಚು ಹೇಗೆ ಓಡುತ್ತದೆ ಗೊತ್ತೇ? ಅದರಲ್ಲಿ ಬ್ಯಾಟರಿ ಇಲ್ಲ. ಪಕ್ಕದ ಗುಂಡಿಯನ್ನು ತಿರುಗಿಸಿದಾಗ ಒಳಗಿರುವ ಉಕ್ಕಿನ ಪಟ್ಟಿಯೊಂದು ಚಕ್ಕುಲಿಯಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳಲು ಹವಣಿಸುತ್ತದೆ. ಆ ಬಲವೇ ಹಲ್ಲುಚಕ್ರಗಳನ್ನು ನೂಕುತ್ತದೆ. ಸುರುಳಿ ಒಮ್ಮೆಗೇ ಬಿಚ್ಚಿಕೊಂಡರೆ ಮುಳ್ಳುಗಳು ಗಿರಗಿರನೆ ತಿರುಗಿಬಿಡುತ್ತವೆ. ಹಾಗಾಗದಂತೆ ತಡೆಯಲು ಬ್ಯಾಲೆನ್ಸ್ ಎಂಬ ಪುಟ್ಟ ಚಕ್ರವಿದೆ. ಅದು ಉಯ್ಯಾಲೆಯಂತೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗುತ್ತ, ಪ್ರತಿ ತೂಗಿಗೆ ಒಂದೊಂದೇ ಹಲ್ಲನ್ನು ಮುಂದೆ ಬಿಡುತ್ತದೆ. ನಮಗೆ ಕೇಳುವ ಟಿಕ್ ಟಿಕ್ ಅದೇ. ಜನತಾ ವಾಚಿನಲ್ಲಿ ಸೆಕೆಂಡಿಗೆ 5 ಸಲ, ಗಂಟೆಗೆ 18,000 ಸಲ ಈ ಸದ್ದು ಬರುತ್ತದೆ. ದಿನಕ್ಕೆಷ್ಟು ಎಂದು ಲೆಕ್ಕ ಹಾಕಿ. 4,32,000!

ಡಯಲ್ ಮೇಲೆ ‘17 ಜ್ಯುವೆಲ್ಸ್’ ಎಂದಿದ್ದರೆ ಅಜ್ಜನ ವಾಚಿನಲ್ಲಿ ನಿಧಿ ಇದೆ ಎಂದುಕೊಳ್ಳಬೇಡಿ. ಅವು ಕಾರ್ಖಾನೆಯಲ್ಲೇ ತಯಾರಿಸಿದ ಪುಟಾಣಿ ಕೆಂಪುಕಲ್ಲುಗಳು. ಚಕ್ರದ ಅಚ್ಚುಗಳು ಸವೆಯದಿರಲೆಂದು ಅವುಗಳ ತುದಿಯನ್ನು ಈ ಗಟ್ಟಿ ಕಲ್ಲಿನ ಕುಳಿಯಲ್ಲಿ ಕೂರಿಸುತ್ತಾರೆ.

ಇನ್ನು ನಮ್ಮ ಮನೆಯ ವಾಚಿನ ಕಥೆ. ನನ್ನಪ್ಪ ಹಳ್ಳಿಯ ಶಾಲೆಯ ಮೇಷ್ಟ್ರು. ಅವರದು ಬಿಳಿ ಡಯಲಿನ ಜನತಾ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಅಂಗಿ ತೊಡುವ ಮುನ್ನ ಕೀ ಕೊಡುತ್ತಿದ್ದರು. ಶಾಲೆಯ ಗಂಟೆ ಬಾರಿಸುತ್ತಿದ್ದುದು ಆ ವಾಚನ್ನು ನೋಡಿಯೇ. ಅಪ್ಪ ತೀರಿಕೊಂಡ ಮೇಲೆ ಜಮೀನಿನ ವಿಷಯ ಸಲೀಸಾಗಿ ಬಗೆಹರಿಯಿತು. ತಕರಾರು ಬಂದದ್ದು ವಾಚಿಗೆ! ‘ನಾನು ಹಿರಿಯ’ ಎಂದ ಅಣ್ಣ. ‘ಕೊನೆಗಾಲದಲ್ಲಿ ಜೊತೆಗಿದ್ದವನು ನಾನು’ ಎಂದ ತಮ್ಮ. ನನಗೂ ಬೇಕು ಎಂದಾಗ, ‘ಗಂಡಸರ ವಾಚು ನಿನಗೇಕಮ್ಮ?’ ಎಂದರು ಸೋದರಮಾವ. ಮೂರು ದಿನ ಮನೆಯಲ್ಲಿ ಮಾತುಕತೆಯೇ ಇಲ್ಲ.

ಅಮ್ಮ ಕೊನೆಗೆ ಮೂವರನ್ನೂ ಕೂರಿಸಿಕೊಂಡಳು. “ವಾಚೇನು ಹಲಸಿನ ಹಣ್ಣೇ, ತೊಳೆ ಬಿಡಿಸಿ ಹಂಚೋಕೆ? ವರ್ಷಕ್ಕೊಬ್ಬರು ಇಟ್ಟುಕೊಳ್ಳಿ. ಯುಗಾದಿಗೆ ಕೈ ಬದಲಾಗಲಿ. ಆದರೆ ಒಂದು ಮಾತು, ಯಾರ ಹತ್ತಿರ ಇದ್ದರೂ ಅದು ನಿಲ್ಲಬಾರದು” ಎಂದಳು.

ಅಂದಿನಿಂದ ಅದೇ ಪದ್ಧತಿ. ವಾಚಿನ ಜೊತೆಗೆ ಒಂದು ನೋಟುಬುಕ್ಕೂ ತಿರುಗುತ್ತದೆ. ಯಾವಾಗ ಸರ್ವಿಸ್ ಆಯಿತು, ಯಾವಾಗ ಬೆಲ್ಟ್ ಬದಲಾಯಿತು, ಆ ವರ್ಷ ಮನೆಯಲ್ಲಿ ಏನೇನು ನಡೆಯಿತು ಎಂದು ಇಟ್ಟುಕೊಂಡವರು ಬರೆಯಬೇಕು. ‘ಪಾಪು ಮೊದಲ ಹೆಜ್ಜೆ ಇಟ್ಟಿತು, ಬೆಳಿಗ್ಗೆ 8:20’ ಎಂದು ತಮ್ಮ ಬರೆದಿದ್ದಾನೆ. ದೂರದ ಊರುಗಳಲ್ಲಿರುವ ನಾವು ಮೂವರು ಪ್ರತಿ ಯುಗಾದಿಗೆ ಒಂದೆಡೆ ಸೇರುವುದು ಒಬ್ಬಟ್ಟಿಗಾಗಿ ಅಲ್ಲ, ಈ ವಾಚಿಗಾಗಿ. ಅದರ ಸರದಿ ನನ್ನದಲ್ಲದ ವರ್ಷಗಳಲ್ಲಿ ಕೈ ಬರಿದೆನಿಸುತ್ತಿತ್ತು. ಹಾಗೆ ಶುರುವಾದದ್ದು ನನ್ನ ಸಂಗ್ರಹ.

ನನ್ನ 11 ವರ್ಷದ ಮೊಮ್ಮಗಳು ಒಮ್ಮೆ ಕೇಳಿದಳು: “ಅಜ್ಜಿ, ಫೋನಿನಲ್ಲೇ ಟೈಮ್ ಇರುತ್ತಲ್ಲ, ಇಷ್ಟೊಂದು ವಾಚು ಯಾಕೆ?” ಅವಳ ಮಾತು ನಿಜವೇ. ಬ್ಯಾಟರಿಯ ಕ್ವಾರ್ಟ್ಜ್ ವಾಚಿನೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ನಿಖರತೆಯಲ್ಲಿ ಕೀ ವಾಚು ಅದರ ಹತ್ತಿರವೂ ಸುಳಿಯಲಾರದು. ಟಾಟಾ ಸಮೂಹವೂ ತಮಿಳುನಾಡು ಸರ್ಕಾರದ ಸಂಸ್ಥೆಯೂ ಸೇರಿ 1984ರಲ್ಲಿ ಕಟ್ಟಿದ ಟೈಟನ್, ಹೊಸೂರಿನಿಂದ ಕ್ವಾರ್ಟ್ಜ್ ವಾಚುಗಳನ್ನು ತಂದಿತು. ಜನ ಅತ್ತ ತಿರುಗಿದರು. ಆಮೇಲೆ ಮೊಬೈಲ್ ಬಂತು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು.

ಮೊಮ್ಮಗಳಿಗೆ ನಾನು ಉತ್ತರ ಹೇಳಲಿಲ್ಲ. ರಜೆಯಲ್ಲಿ ಒಂದು ವಾರ ಒಂದು ಪೈಲಟ್ ವಾಚಿಗೆ ಕೀ ಕೊಡುವ ಕೆಲಸ ಅವಳಿಗೆ ವಹಿಸಿದೆ. ಒಮ್ಮೆ ಕೀ ಕೊಟ್ಟರೆ ಅದು ಒಂದೂವರೆ ದಿನದಷ್ಟು ಓಡುತ್ತದೆ. ಮರುದಿನ ಮರೆತರೆ ನಿಲ್ಲುತ್ತದೆ. ನಾಲ್ಕನೆಯ ದಿನ ಅವಳೇ ಬಂದು, “ಅಜ್ಜಿ, ಇದಕ್ಕೆ ದಿನಾ ನಾನು ಬೇಕು” ಎಂದಳು. ನಾನು ಹೇಳಬೇಕಿದ್ದುದನ್ನೇ ಅವಳು ಹೇಳಿದ್ದಳು.

ನನಗಿರುವ ಚಿಂತೆ ಬೇರೆ. ವಾಚು ಬಳಸದೆ ಇಟ್ಟರೂ ಒಳಗಿನ ಎಣ್ಣೆ ಒಣಗುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಬೇಕು. ಅದನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ನನ್ನ ವಾಚುಗಳನ್ನು ನೋಡುವ ರಿಪೇರಿಯವರಿಗೆ ಎಪ್ಪತ್ತು ದಾಟಿದೆ. ಅದೇ ಅಂಗಡಿಯ ಇನ್ನೊಂದು ಬದಿಯಲ್ಲಿ ಅವರ ಮಗ ಮೊಬೈಲ್ ರಿಪೇರಿ ಮಾಡುತ್ತಾನೆ. ಹೊಸ ಬಿಡಿಭಾಗ ಸಿಗದಿದ್ದಾಗ ಅವರು ಸತ್ತ ವಾಚಿನಿಂದ ಚಕ್ರ ತೆಗೆದು ಬದುಕಿರುವ ವಾಚಿಗೆ ಹಾಕುತ್ತಾರೆ. ಆದ್ದರಿಂದ ಓಡದ ವಾಚನ್ನೂ ಗುಜರಿಗೆ ಹಾಕಬೇಡಿ. ಇಂಥವರ ಕೈಗೆ ಕೊಡಿ. ಹಳೆಯ ವಾಚು ಕೊಳ್ಳುವ ಆಸೆ ಹುಟ್ಟಿದವರಿಗೆ ಒಂದು ಎಚ್ಚರಿಕೆ: ನಾಲ್ಕು ವಾಚುಗಳ ಭಾಗ ಸೇರಿಸಿ, ಡಯಲಿಗೆ ಹೊಸ ಬಣ್ಣ ಬಳಿದು ಮಾರುವವರಿದ್ದಾರೆ. ಹಳೆಯ ಡಯಲ್ ಫಳಫಳ ಹೊಳೆಯುತ್ತಿದ್ದರೆ ಅನುಮಾನಪಡಿ.

ಮಕ್ಕಳೇ, ಅಜ್ಜನ ವಾಚು ನಿಮ್ಮ ಕೈಗೆ ಬಂದರೆ ಇಷ್ಟು ನೆನಪಿಡಿ. ಮೊದಲು ರಿಪೇರಿಯವರಿಗೆ ತೋರಿಸಿ. ಕೈಯಿಂದ ಬಿಚ್ಚಿಟ್ಟುಕೊಂಡು ದಿನವೂ ಒಂದೇ ಹೊತ್ತಿಗೆ ಕೀ ಕೊಡಿ. ಗುಂಡಿ ಬಿಗಿಯಾದ ತಕ್ಷಣ ನಿಲ್ಲಿಸಿ. ನೀರಿನಿಂದ ದೂರವಿಡಿ. ಅಯಸ್ಕಾಂತ, ಸ್ಪೀಕರುಗಳ ಬಳಿ ಇಡಬೇಡಿ. ವಾರ, ತಾರೀಖು ತೋರಿಸುವ ವಾಚಾದರೆ ರಾತ್ರಿ 9ರಿಂದ ಬೆಳಗಿನ ಜಾವ 3ರೊಳಗೆ ತಾರೀಖು ಬದಲಿಸಬೇಡಿ. ಆ ಹೊತ್ತಿನಲ್ಲಿ ಒಳಗಿನ ಹಲ್ಲುಗಳು ಕೆಲಸದಲ್ಲಿರುತ್ತವೆ. ಬ್ಯಾಟರಿ ವಾಚನ್ನು ಎತ್ತಿಡುವುದಾದರೆ ಬ್ಯಾಟರಿ ತೆಗೆಸಿ ಇಡಿ. ಬೆಂಗಳೂರಿಗೆ ಹೋದಾಗ ಜಾಲಹಳ್ಳಿಯಲ್ಲಿರುವ ಎಚ್‌ಎಂಟಿ ವಸ್ತುಸಂಗ್ರಹಾಲಯ ನೋಡಿ ಬನ್ನಿ. ಹಳೆಯ ವಾಚುಗಳೂ ಅವುಗಳನ್ನು ಮಾಡಿದ ಕಥೆಯೂ ಅಲ್ಲಿವೆ.

ಅಜ್ಜ ಅಜ್ಜಿಯರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ವಾಚನ್ನು ಕೊಡುವುದಿದ್ದರೆ ಈಗಲೇ, ನಿಮ್ಮ ಕೈಯಾರೆ ಕೊಡಿ. ಕೀ ಎಲ್ಲಿಯವರೆಗೆ ತಿರುಗಿಸಬೇಕು ಎಂಬುದನ್ನು ಮಗುವಿನ ಬೆರಳು ಹಿಡಿದು ತೋರಿಸಿ. ಜೊತೆಗೊಂದು ಚೀಟಿ ಬರೆದಿಡಿ. ಯಾವ ವರ್ಷ, ಯಾವ ಊರಿನ ಅಂಗಡಿಯಲ್ಲಿ ಕೊಂಡಿರಿ, ಯಾವ ಸಂಬಳದಲ್ಲಿ, ಮೊದಲ ದಿನ ಕಟ್ಟಿಕೊಂಡು ಎಲ್ಲಿಗೆ ಹೋದಿರಿ. ಕೆಳಗೆ ನಿಮ್ಮ ಹೆಸರು ಬರೆಯಿರಿ. ಅದರ ಕೆಳಗೆ ಇನ್ನೂ ನಾಲ್ಕು ಹೆಸರಿಗಾಗುವಷ್ಟು ಜಾಗ ಬಿಡಿ.